ಮರಳಿಗೆ ಇಳಿಯುವ ಮುನ್ನ: ಬ್ಯಾನ್ಶಿ 350 ಸಜ್ಜುಗೊಳಿಸುವ ಕ್ರಮ

ದುಬೈ, ಶಾರ್ಜಾ, ಮಸ್ಕತ್, ದೋಹಾ ಕಡೆಯ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಮರಳಿನಲ್ಲಿ ಓಡಿಸಲು ಸೆಕೆಂಡ್ ಹ್ಯಾಂಡ್ ಯಮಹಾ ಬ್ಯಾನ್ಶಿ, ಅಂದರೆ ನಾಲ್ಕು ಚಕ್ರದ ಕ್ವಾಡ್ ಬೈಕ್, ಕೊಂಡೆವು, ಹೊಸ ಸೈಲೆನ್ಸರ್ ಹಾಕಿಸಿದೆವು, ಕೆಲವೇ ವಾರಕ್ಕೆ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿ ಹಿಡಿಯಿತು, ಯಾಕೆ? ಉತ್ತರ ಹೆಚ್ಚಿನ ಸಲ ಎರಡರಲ್ಲೊಂದು. ಇಂಜಿನ್ ಒಳಗೆ ಮರಳು ಹೋಗಿರುತ್ತದೆ, ಇಲ್ಲವೇ ಒಳಗೆ ಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಕ್ಕಿರುವುದಿಲ್ಲ. ಶಕ್ತಿ ಹೆಚ್ಚಿಸುವ ಸಾಮಾನಿಗೆ ದುಡ್ಡು ಹಾಕುವುದಕ್ಕೆ ಮೊದಲು ಸೋರಿಕೆ ನಿಲ್ಲಿಸಬೇಕು, ಫಿಲ್ಟರ್ ಭದ್ರ ಮಾಡಬೇಕು, ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ ಸರಿ ಮಾಡಬೇಕು. ಕೆಳಗಿನ ಹಂತಗಳನ್ನು ಆ ಕ್ರಮದಲ್ಲೇ ಬರೆದಿದ್ದೇವೆ. ಹಿಂದುಮುಂದು ಮಾಡಬೇಡಿ.

ಯಂತ್ರದ ಬಗ್ಗೆ ಎರಡು ಮಾತು. ಬ್ಯಾನ್ಶಿ ಅಮೆರಿಕದಲ್ಲಿ 1987ರಿಂದ 2006ರವರೆಗೆ ಮಾರಾಟವಾದ ಗಾಡಿ. 347 ಸಿಸಿ, ಎರಡು ಸಿಲಿಂಡರ್, ನೀರಿನಿಂದ ತಣ್ಣಗಾಗುವ ಟೂ-ಸ್ಟ್ರೋಕ್, ಆರು ಗೇರ್. ಬೋರ್, ಅಂದರೆ ಸಿಲಿಂಡರ್‌ನ ಒಳ ಅಗಲ, 64 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 54 ಮಿ.ಮೀ. ನಮ್ಮೂರಿನ ರಾಜದೂತ್ 350ರ ಅಳತೆಯೂ ಇದೇ, ಎರಡೂ ಒಂದೇ ವಂಶದ ಇಂಜಿನ್‌ಗಳು. ಹಾಗೆಂದು ರಾಜದೂತ್ ಸಾಮಾನು ಇದಕ್ಕೆ ಕೂರುತ್ತದೆ ಎಂದುಕೊಳ್ಳಬೇಡಿ. ಅದು ಗಾಳಿಯಿಂದ ತಣ್ಣಗಾಗುವ ಇಂಜಿನ್, ಸಿಲಿಂಡರ್ ಮತ್ತು ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಪೂರ್ತಿ ಬೇರೆ.

ಹಂತ 1: ಇಂಜಿನ್ ಯಾವ ಸ್ಥಿತಿಯಲ್ಲಿದೆ, ಅಳೆಯಿರಿ

ಬೇಕಾದದ್ದು ಕಂಪ್ರೆಷನ್ ಗೇಜ್. ಇಂಜಿನ್ ಸ್ವಲ್ಪ ಬಿಸಿ ಮಾಡಿ, ಎರಡೂ ಪ್ಲಗ್ ಬಿಚ್ಚಿ, ಪ್ಲಗ್‌ಗಳನ್ನು ವೈರ್ ಸಮೇತ ಇಂಜಿನ್ ಲೋಹಕ್ಕೆ ತಾಗಿಸಿಡಿ. ಒಂದು ಸಿಲಿಂಡರ್‌ಗೆ ಗೇಜ್ ತಿರುಗಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಮುಳ್ಳು ಮೇಲೇರುವುದು ನಿಲ್ಲುವವರೆಗೆ ಕಿಕ್ ಹೊಡೆಯಿರಿ. ಆಕ್ಸಿಲರೇಟರ್ ಒತ್ತದೆ ಅಳೆದರೆ ಲೆಕ್ಕ ಕಡಿಮೆ ಬಂದು ಸುಮ್ಮನೆ ಗಾಬರಿಯಾಗುತ್ತದೆ. ಕಂಪನಿ ಹೆಡ್ ಇರುವ ಆರೋಗ್ಯವಂತ ಇಂಜಿನ್ ಸಮುದ್ರಮಟ್ಟದಲ್ಲಿ 120 ಪಿಎಸ್‌ಐ ಆಸುಪಾಸು ತೋರಿಸಬೇಕು. 100ಕ್ಕಿಂತ ಕೆಳಗಿದ್ದರೆ ಪಿಸ್ಟನ್-ರಿಂಗ್ ಕೆಲಸ ಮೊದಲು, ಉಳಿದದ್ದೆಲ್ಲ ಆಮೇಲೆ. ಎರಡು ಸಿಲಿಂಡರ್ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೂ ಹಾಗೆಯೇ.

ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸುವುದಾದರೆ ಮೊದಲು ಪಿಸ್ಟನ್ ಕೊಂಡು, ಅದನ್ನು ಲೇತ್‌ನವರ ಕೈಗೆ ಕೊಟ್ಟು, ಆ ಪಿಸ್ಟನ್ ಅಳೆದೇ ಬೋರ್ ಮಾಡಿಸಿ. ಫೋರ್ಜ್ಡ್ ಪಿಸ್ಟನ್, ಅಂದರೆ ಬಡಿದು ಒತ್ತಿ ಮಾಡಿದ್ದು, ಬಿಸಿಯಾದಾಗ ಎರಕದ ಪಿಸ್ಟನ್‌ಗಿಂತ ಹೆಚ್ಚು ಹಿಗ್ಗುತ್ತದೆ. ಡಬ್ಬಿಯೊಳಗಿನ ಕಾಗದದಲ್ಲಿ ಬರೆದಷ್ಟು ಸಂದು ಬಿಡಲೇಬೇಕು. ರಿಂಗನ್ನು ಸಿಲಿಂಡರ್ ಒಳಗೆ ನೇರವಾಗಿ ಕೂರಿಸಿ ತುದಿಗಳ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಿರಿ, 0.30ರಿಂದ 0.45 ಮಿ.ಮೀ. ಇರಲಿ. ಬೋರ್ ಆದ ಮೇಲೆ ಪೋರ್ಟ್‌ಗಳ, ಅಂದರೆ ಸಿಲಿಂಡರ್ ಗೋಡೆಯ ಕಿಂಡಿಗಳ, ಅಂಚಿನ ಚೂಪು ತೆಗೆಸಲು ಮರೆಯುವವರೇ ಹೆಚ್ಚು. ಆ ಚೂಪಿಗೆ ರಿಂಗ್ ಸಿಕ್ಕಿ ಮುರಿಯುತ್ತದೆ.

ಹಂತ 2: ಸೋರಿಕೆ ಪರೀಕ್ಷೆ

ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಇಂಜಿನ್ ಕಳೆದುಕೊಳ್ಳುವವರಲ್ಲೂ ಅವರೇ ಹೆಚ್ಚು. ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಕ್ರ್ಯಾಂಕ್‌ಕೇಸ್‌ಗೆ, ಅಂದರೆ ಸಿಲಿಂಡರ್ ಕೆಳಗಿನ ಇಂಜಿನ್ ಗೂಡಿಗೆ, ಬಂದು ಅಲ್ಲಿಂದ ಮೇಲೇರುತ್ತವೆ. ಕ್ರ್ಯಾಂಕ್‌ಕೇಸ್‌ಗೆ ಕಾರ್ಬ್ಯುರೇಟರ್ ಬಿಟ್ಟು ಬೇರೆ ದಾರಿಯಿಂದ ಗಾಳಿ ಬಂದರೆ ಆ ಗಾಳಿಗೆ ಪಾಲಿನ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ. ಪಿಸ್ಟನ್ ಅತಿ ಬಿಸಿಯಾಗಿ ಹಿಡಿಯುತ್ತದೆ.

ಮಾಡುವ ಬಗೆ:

ಕಾರ್ಬ್ಯುರೇಟರ್ ಎರಡನ್ನೂ, ಸೈಲೆನ್ಸರ್ ಎರಡನ್ನೂ ಬಿಚ್ಚಿ. ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ಬಿರಡೆಯಿಂದ ಮುಚ್ಚಿ. ಒಂದು ಇನ್‌ಟೇಕ್ ರಬ್ಬರ್‌ಗೆ ಬಿರಡೆ, ಇನ್ನೊಂದಕ್ಕೆ ಸೈಕಲ್ ವಾಲ್ವ್ ಕೂರಿಸಿದ ಬಿರಡೆ ಹಾಕಿ ಕ್ಲಿಪ್ ಬಿಗಿಯಿರಿ. ಪ್ಲಗ್‌ಗಳು ಜಾಗದಲ್ಲೇ ಇರಲಿ. ಕೈ ಪಂಪ್‌ನಿಂದ 6 ಪಿಎಸ್‌ಐ ತುಂಬಿ 6 ನಿಮಿಷ ಕಾಯಿರಿ. 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋರಿಕೆ ಇದೆ. ಕಂಪ್ರೆಸರ್ ಹಚ್ಚಬೇಡಿ, ಒತ್ತಡ ಹೆಚ್ಚಾದರೆ ಒಳ್ಳೆಯ ಸೀಲೂ ಹೊರಗೆ ಬರುತ್ತದೆ.

ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕುವ ಜಾಗಗಳು ಇವು: ಎರಡು ಇನ್‌ಟೇಕ್ ರಬ್ಬರ್ ಮತ್ತು ಅವೆರಡನ್ನು ಜೋಡಿಸುವ ಚಿಕ್ಕ ಅಡ್ಡ ಕೊಳವೆ, ರೀಡ್ ಕೇಜ್‌ನ (ಒಳಬರುವ ಗಾಳಿ ಹಿಂದೆ ಹೋಗದಂತೆ ತಡೆಯುವ ಎಲೆಗಳ ಗೂಡಿನ) ಗ್ಯಾಸ್ಕೆಟ್, ಸಿಲಿಂಡರ್ ಬುಡದ ಗ್ಯಾಸ್ಕೆಟ್, ಎಡಬದಿಯಲ್ಲಿ ಮ್ಯಾಗ್ನೆಟ್ ಹಿಂದಿನ ಕ್ರ್ಯಾಂಕ್ ಸೀಲ್. ಗಲ್ಫ್ ಬಿಸಿಲಿಗೆ ಇನ್‌ಟೇಕ್ ರಬ್ಬರ್ ಬೇಗ ಒಣಗಿ ಬಿರಿಯುತ್ತದೆ. ಮಡಚಿ ನೋಡಿದರೆ ಮಾತ್ರ ಬಿರುಕು ಕಾಣುತ್ತದೆ. ಅಡ್ಡ ಕೊಳವೆಯನ್ನು ಹಲವರು ತೆಗೆದು ಎರಡೂ ಬಾಯಿ ಮುಚ್ಚಿಬಿಡುತ್ತಾರೆ. ಸೋರುವ ಒಂದು ಜಾಗ ಕಡಿಮೆಯಾಗುವುದರಿಂದ ನಮಗೂ ಅದೇ ಸರಿ ಎನಿಸುತ್ತದೆ.

ಬಲಬದಿಯ ಸೀಲ್ ಕ್ಲಚ್ ಕಡೆಗಿದೆ. ಅದು ಸೋತರೆ ಇಂಜಿನ್ ಗೇರ್ ಎಣ್ಣೆಯನ್ನು ಒಳಗೆಳೆಯುತ್ತದೆ. ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ಬಲ ಪ್ಲಗ್ ಮಾತ್ರ ಎಣ್ಣೆಯಲ್ಲಿ ಒದ್ದೆ, ಗೇರ್ ಎಣ್ಣೆ ಕಡಿಮೆಯಾಗುತ್ತಾ ಹೋಗುವುದು ಇದರ ಲಕ್ಷಣ. ಪರೀಕ್ಷೆಯಲ್ಲಿ ಗೇರ್ ಎಣ್ಣೆ ತುಂಬುವ ರಂಧ್ರದಿಂದ ಗಾಳಿ ಬರುವುದು ಗೊತ್ತಾಗುತ್ತದೆ.

ಓಡಿಸುವಾಗಲೂ ಒಂದು ಗುರುತು ಇದೆ. ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ ಸದ್ದು ಕೂಡಲೇ ಇಳಿಯದೆ ಮೇಲೆಯೇ ನಿಂತರೆ ಗಾಳಿ ಸೋರಿಕೆ ಎಂದೇ ಮೊದಲು ಅನುಮಾನಿಸಿ. ಅಲ್ಲೇ ನಿಲ್ಲಿಸಿ, ಗಾಡಿ ಟ್ರೇಲರ್‌ಗೆ ಹಾಕಿ.

ಹಂತ 3: ಏರ್ ಫಿಲ್ಟರ್

ದಿಬ್ಬದ ಮರಳಿನ ಸಣ್ಣ ಪುಡಿ ಒಣ ಫಿಲ್ಟರ್ ದಾಟಿ ಹೋಗುತ್ತದೆ. ಅದನ್ನು ಹಿಡಿಯುವುದು ಫಿಲ್ಟರ್ ಎಣ್ಣೆಯ ಅಂಟು. ಫೋಮ್ ಫಿಲ್ಟರ್ ಎರಡು ಇಟ್ಟುಕೊಳ್ಳಿ. ಒಂದು ಗಾಡಿಯಲ್ಲಿ, ಇನ್ನೊಂದು ಎಣ್ಣೆ ಹಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ. ಪ್ರತಿ ಸವಾರಿಯ ನಂತರ ಬದಲಿಸಿ, ಗಾಳಿ ಎದ್ದ ದಿನ ಮಧ್ಯದಲ್ಲೇ ಬದಲಿಸಿ.

ತೊಳೆಯಲು ಸೀಮೆಎಣ್ಣೆ ಅಥವಾ ಫಿಲ್ಟರ್ ಕ್ಲೀನರ್ ಸಾಕು. ಪೆಟ್ರೋಲ್ ಬೇಡ, ಫೋಮ್ ಅಂಟಿಸಿದ ಜಾಗ ಬಿಟ್ಟುಕೊಳ್ಳುತ್ತದೆ. ಹಿಂಡಿರಿ, ತಿರುಚಬೇಡಿ. ಆಮೇಲೆ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ. ಚೀಲದಲ್ಲಿಟ್ಟು ಫೋಮ್ ಫಿಲ್ಟರ್ ಎಣ್ಣೆ ಸುರಿದು, ಎಲ್ಲ ಕಡೆ ಒಂದೇ ಬಣ್ಣ ಬರುವವರೆಗೆ ನಾದಿ, ಹೆಚ್ಚಿನದನ್ನು ಹಿಂಡಿ ತೆಗೆಯಿರಿ. ಇಂಜಿನ್ ಆಯಿಲ್ ಹಚ್ಚಿದರೆ ಅದು ಕೆಳಗಿಳಿದು ಮೇಲ್ಭಾಗ ಒಣಗುತ್ತದೆ. ಫಿಲ್ಟರ್ ಕೂರುವ ಅಂಚಿಗೆ ಗ್ರೀಸ್ ಬಳಿಯಿರಿ. ಫಿಲ್ಟರ್ ಚೆನ್ನಾಗಿದ್ದೂ ಅಂಚಿನಿಂದ ಮರಳು ನುಸುಳುವುದೇ ಹೆಚ್ಚು.

ಪರೀಕ್ಷೆ ಸುಲಭ. ಸವಾರಿ ಮುಗಿದ ಮೇಲೆ ಫಿಲ್ಟರ್ ತೆಗೆದು, ಕಾರ್ಬ್ಯುರೇಟರ್ ಕಡೆಗಿನ ರಬ್ಬರ್ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆಯಲ್ಲಿ ಒಂದು ಕಾಳು ಮರಳು ಕಂಡರೂ ಸೀಲ್ ಸರಿಯಿಲ್ಲ. ಕಾರಣ ಸಿಗುವವರೆಗೆ ಇಂಜಿನ್ ಚಾಲೂ ಮಾಡಬೇಡಿ.

ಏರ್ ಬಾಕ್ಸ್‌ನ ಮುಚ್ಚಳ ತೆಗೆದರೆ ಶಕ್ತಿ ಹೆಚ್ಚುತ್ತದೆ, ನಿಜ. ಆದರೆ ಮುಂದಿನ ಗಾಡಿ ಎರಚುವ ಮರಳು ನೇರ ಫಿಲ್ಟರ್ ಮೇಲೆ ಬೀಳುತ್ತದೆ, ಜೆಟ್ ಕೂಡ ಬದಲಿಸಬೇಕಾಗುತ್ತದೆ. ತೆಗೆಯುವುದಾದರೆ ಫಿಲ್ಟರ್ ಮೇಲೆ ಬಟ್ಟೆಯ ಹೊರಗವಸು ಹಾಕಿ. ಬಾಕ್ಸನ್ನೇ ಬಿಸಾಡಿ ಬರೀ ಫಿಲ್ಟರ್ ಸಿಕ್ಕಿಸುವುದನ್ನು ಮರುಭೂಮಿಗೆ ನಾವು ಒಪ್ಪುವುದಿಲ್ಲ.

ಹಂತ 4: ಪೆಟ್ರೋಲ್ ಮತ್ತು ಎಣ್ಣೆ

ಆರ್‌ಎಕ್ಸ್ 100 ಓಡಿಸಿ ಅಭ್ಯಾಸವಿರುವವರು ಇಲ್ಲಿ ಎಡವುತ್ತಾರೆ. ಅದಕ್ಕೆ ಎಣ್ಣೆ ಪಂಪ್ ಇತ್ತು, ಎಣ್ಣೆಗೆ ಬೇರೆ ಟ್ಯಾಂಕ್ ಇತ್ತು. ಬ್ಯಾನ್ಶಿಗೆ ಅದಿಲ್ಲ. ಎಣ್ಣೆಯನ್ನು ಪೆಟ್ರೋಲ್‌ನಲ್ಲೇ ಬೆರೆಸಿ ಹಾಕಬೇಕು. ಬಂಕ್‌ನಿಂದ ನೇರ ತುಂಬಿಸಿ ಹೊರಟರೆ ಇಂಜಿನ್ ಸ್ವಲ್ಪ ಹೊತ್ತಿಗೇ ಹಿಡಿಯುತ್ತದೆ. ಗಾಡಿಯನ್ನು ಗೆಳೆಯರ ಕೈಗೆ ಕೊಡುವಾಗಲೂ ಈ ಮಾತು ಹೇಳಿ. ಟ್ಯಾಂಕ್ ಮುಚ್ಚಳದ ಮೇಲೆ ಬರೆದು ಅಂಟಿಸಿದರೆ ಇನ್ನೂ ಒಳ್ಳೆಯದು.

ಒಳ್ಳೆಯ ರೇಸಿಂಗ್ ಟೂ-ಸ್ಟ್ರೋಕ್ ಎಣ್ಣೆಯಾದರೆ ಮರಳಿನಲ್ಲಿ 32ಕ್ಕೆ 1 ಪ್ರಮಾಣ ಹೆಚ್ಚಿನವರು ಬಳಸುವುದು: 10 ಲೀಟರ್ ಪೆಟ್ರೋಲ್‌ಗೆ 312 ಮಿ.ಲೀ. ಎಣ್ಣೆ. ಹೊಸ ಪಿಸ್ಟನ್ ಹಾಕಿದಾಗ 24ಕ್ಕೆ 1, ಅಂದರೆ 10 ಲೀಟರ್‌ಗೆ 417 ಮಿ.ಲೀ. ಅಂದಾಜಿಗೆ ಸುರಿಯದೆ ಅಳತೆ ಪಾತ್ರೆ ಇಟ್ಟುಕೊಳ್ಳಿ. ಹರಳೆಣ್ಣೆಯಿಂದ ಮಾಡಿದ ರೇಸಿಂಗ್ ಎಣ್ಣೆಯನ್ನು ಬೇರೆ ಎಣ್ಣೆಯ ಜೊತೆ ಕಲೆಸಬೇಡಿ.

ಎಣ್ಣೆ ಜಾಸ್ತಿ ಹಾಕಿದರೆ ಇಂಜಿನ್‌ಗೆ ಇನ್ನಷ್ಟು ರಕ್ಷೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಅದೇ ಜೆಟ್‌ನಿಂದ ಎಣ್ಣೆ ಹೆಚ್ಚು ಹೋದಾಗ ಪೆಟ್ರೋಲ್ ಅಷ್ಟು ಕಡಿಮೆ ಹೋಗುತ್ತದೆ, ಮಿಶ್ರಣ ಲೀನ್ ಕಡೆಗೆ ಜಾರುತ್ತದೆ. ಪ್ರಮಾಣ ಬದಲಿಸಿದರೆ ಜೆಟ್ ಮತ್ತೆ ನೋಡಲೇಬೇಕು.

ಯುಎಇ ಬಂಕ್‌ಗಳಲ್ಲಿ 91, 95, 98 ಆಕ್ಟೇನ್ ಸಿಗುತ್ತದೆ. ಕಂಪನಿ ಹೆಡ್‌ಗೆ 95 ಸಾಕು. ಹೆಡ್ ಅಥವಾ ಪ್ಲಗ್ ಕಿಡಿ ಹಾರುವ ಟೈಮಿಂಗ್ ಬದಲಿಸಿದ್ದರೆ 98. ಬೆರೆಸಿದ ಪೆಟ್ರೋಲನ್ನು ಲೋಹದ ಕ್ಯಾನ್‌ನಲ್ಲಿ, ನೆರಳಲ್ಲಿ ಇಡಿ, ಎರಡು ಮೂರು ವಾರದೊಳಗೆ ಮುಗಿಸಿ.

ಹಂತ 5: ಜೆಟ್

ಜೆಟ್ ಎಂದರೆ ಕಾರ್ಬ್ಯುರೇಟರ್ ಒಳಗಿನ ಸಣ್ಣ ರಂಧ್ರದ ಹಿತ್ತಾಳೆ ತಿರುಪು. ನಂಬರ್ ದೊಡ್ಡದಾದಷ್ಟು ಪೆಟ್ರೋಲ್ ಹೆಚ್ಚು. ಬ್ಯಾನ್ಶಿಗೆ 26 ಮಿ.ಮೀ.ನ ಎರಡು ಮಿಕುನಿ ಕಾರ್ಬ್ಯುರೇಟರ್. ಕಂಪನಿಯಿಂದ ಬರುವುದು ಮೇನ್ ಜೆಟ್ 200, ಪೈಲಟ್ ಜೆಟ್ 25. ಆಕ್ಸಿಲರೇಟರ್ ಮೊದಲ ಕಾಲು ಭಾಗದಲ್ಲಿ ಪೈಲಟ್ ಜೆಟ್, ಮಧ್ಯದಲ್ಲಿ ನೀಡಲ್, ಮುಕ್ಕಾಲಿನಿಂದ ಪೂರ್ತಿವರೆಗೆ ಮೇನ್ ಜೆಟ್ ಕೆಲಸ ಮಾಡುತ್ತದೆ. ಮರಳಿನಲ್ಲಿ ನೀವು ಹೆಚ್ಚು ಹೊತ್ತು ಪೂರ್ತಿ ಒತ್ತಿರುವುದರಿಂದ ಇಂಜಿನ್‌ನ ಆಯುಷ್ಯ ಮೇನ್ ಜೆಟ್‌ನ ಕೈಯಲ್ಲಿದೆ.

ಮೊದಲು ಎರಡೂ ಕಾರ್ಬ್ಯುರೇಟರ್ ಒಟ್ಟಿಗೆ ತೆರೆಯುತ್ತವೆಯೇ ನೋಡಿ. ಒಂದೇ ಅಳತೆಯ ಎರಡು ಡ್ರಿಲ್ ಬಿಟ್‌ಗಳ ನುಣುಪು ತುದಿಯನ್ನು ಎರಡು ಸ್ಲೈಡ್‌ಗಳ, ಅಂದರೆ ಕಾರ್ಬ್ಯುರೇಟರ್ ಬಾಯಿ ತೆರೆಯುವ ಜಾರುವ ಕವಾಟಗಳ, ಕೆಳಗಿಟ್ಟು ಆಕ್ಸಿಲರೇಟರ್ ನಿಧಾನ ಒತ್ತಿ. ಎರಡೂ ಒಂದೇ ಕ್ಷಣಕ್ಕೆ ಸಡಿಲವಾಗಬೇಕು. ಇಲ್ಲದಿದ್ದರೆ ಕೇಬಲ್ ಸರಿಪಡಿಸಿ. ಒಂದು ಸಿಲಿಂಡರ್ ಸದಾ ಹೆಚ್ಚು ದುಡಿಯುತ್ತಿದ್ದರೆ ಜೆಟ್ ಹೊಂದಿಸಿ ಫಲವಿಲ್ಲ.

ಏರ್ ಬಾಕ್ಸ್ ಮುಚ್ಚಳ ತೆಗೆದು, ಹೊರಗಿನ ಕಂಪನಿಯ ಎಕ್ಸಾಸ್ಟ್ ಪೈಪ್ ಹಾಕಿದ್ದರೆ ಸಮುದ್ರಮಟ್ಟದಲ್ಲಿ ಮೇನ್ ಜೆಟ್ 300ರಿಂದ, ಪೈಲಟ್ 27.5ರಿಂದ ಶುರು ಮಾಡಿ. ರಿಚ್, ಅಂದರೆ ಪೆಟ್ರೋಲ್ ಹೆಚ್ಚಿರುವ ಕಡೆಯಿಂದಲೇ ಕೆಳಗಿಳಿಯಬೇಕು. ರಿಚ್ ಇದ್ದರೆ ಇಂಜಿನ್ ತೊದಲುತ್ತದೆ, ಪ್ಲಗ್ ಕಪ್ಪಾಗುತ್ತದೆ, ಅಷ್ಟೇ. ಲೀನ್ ಇದ್ದರೆ ಗಾಡಿ ಮೊದಲು ಚುರುಕಾಗಿ ಓಡುತ್ತದೆ, ಆಮೇಲೆ ಪಿಸ್ಟನ್ ಹೋಗುತ್ತದೆ. “ಇವತ್ತು ಎಂದೂ ಇಲ್ಲದಷ್ಟು ಚೆನ್ನಾಗಿ ಎಳೆಯುತ್ತಿದೆ” ಅನ್ನಿಸಿದ ದಿನ ಪ್ಲಗ್ ಬಿಚ್ಚಿ ನೋಡಿ.

ಪ್ಲಗ್ ಓದುವುದು ಹೀಗೆ. ಹೊಸ ಎನ್‌ಜಿಕೆ ಬಿಆರ್8ಇಎಸ್, ಸಂದು 0.7ರಿಂದ 0.8 ಮಿ.ಮೀ. ಇಂಜಿನ್ ಬಿಸಿಯಾದ ಮೇಲೆ ಹಾಕಿ. ಉದ್ದನೆಯ ಏರು ಮರಳಿನಲ್ಲಿ ನಾಲ್ಕನೇ ಅಥವಾ ಐದನೇ ಗೇರ್‌ನಲ್ಲಿ ಆರೇಳು ಸೆಕೆಂಡ್ ಪೂರ್ತಿ ಒತ್ತಿ. ಒತ್ತಿರುವಾಗಲೇ ಕ್ಲಚ್ ಹಿಡಿದು ಕಿಲ್ ಸ್ವಿಚ್‌ನಿಂದ ಇಂಜಿನ್ ಆರಿಸಿ. ಆರಿಸದೆ ಮೆಲ್ಲಗೆ ಓಡಿಸಿಕೊಂಡು ಬಂದರೆ ಪ್ಲಗ್ ಹೇಳುವುದು ಆ ಮೆಲ್ಲನೆಯ ಓಟದ ಕಥೆ, ಅದರಿಂದ ಪ್ರಯೋಜನವಿಲ್ಲ. ಬಿಳಿ ಪಿಂಗಾಣಿಯ ತೀರಾ ಬುಡದಲ್ಲಿ, ಲೋಹದೊಳಗೆ, ಕಂದು ಬಣ್ಣದ ಉಂಗುರ ಕಾಣಬೇಕು. ಉಂಗುರವೇ ಇಲ್ಲದಿದ್ದರೆ ಲೀನ್. ದಪ್ಪ ಕಪ್ಪು ಉಂಗುರವಿದ್ದರೆ ಒಂದು ಮೆಟ್ಟಿಲು, ಅಂದರೆ 10 ನಂಬರ್ ಇಳಿಸಿ ಮತ್ತೆ ನೋಡಿ. ಎರಡೂ ಪ್ಲಗ್ ನೋಡಬೇಕು.

ಇದನ್ನು ಮಾಡುವ ಹೊತ್ತೂ ಮುಖ್ಯ. ಅಕ್ಟೋಬರ್ ಮಧ್ಯಾಹ್ನದ 38 ಡಿಗ್ರಿಯಲ್ಲಿ ಸರಿಯಾದ ಜೆಟ್ ಜನವರಿ ಮುಂಜಾವಿನ 13 ಡಿಗ್ರಿಗೆ ಸಾಲದು. ತಣ್ಣನೆಯ ಗಾಳಿ ಶೇ. 8ರಿಂದ 9ರಷ್ಟು ಹೆಚ್ಚು ಸಾಂದ್ರ, ಅದಕ್ಕೆ ಪೆಟ್ರೋಲೂ ಅಷ್ಟು ಹೆಚ್ಚು ಬೇಕು. ಚಳಿಗಾಲದಲ್ಲಿ ದೊಡ್ಡ ನಂಬರಿನ ಜೆಟ್ ಹಾಕಿ, ನೀವು ಓಡಿಸುವ ಅತಿ ತಣ್ಣನೆಯ ಹೊತ್ತಿಗೆ ಹೊಂದಿಸಿ. ಮಧ್ಯಾಹ್ನ ಸ್ವಲ್ಪ ತೊದಲಿದರೆ ತೊದಲಲಿ.

ಹಂತ 6: ಟಾರ್ಸ್ ತೆಗೆಯುವುದು

ಟಾರ್ಸ್ ಎಂಬುದು ಕಂಪನಿ ಕೊಟ್ಟ ಸುರಕ್ಷಾ ವ್ಯವಸ್ಥೆ. ನೀವು ಆಕ್ಸಿಲರೇಟರ್‌ನಿಂದ ಹೆಬ್ಬೆರಳು ತೆಗೆದ ಮೇಲೂ ಕಾರ್ಬ್ಯುರೇಟರ್ ತೆರೆದೇ ಉಳಿದರೆ ಇಂಜಿನ್‌ನ ಕಿಡಿ ಕತ್ತರಿಸುತ್ತದೆ. ಹಳೆಯ ಗಾಡಿಗಳಲ್ಲಿ ಸ್ವಿಚ್‌ಗಳಿಗೆ ಮರಳು ಹೊಕ್ಕು ಸುಮ್ಮಸುಮ್ಮನೆ ಕಿಡಿ ಕಡಿಯುತ್ತದೆ, ಜನ ಜೆಟ್ ಎಂದುಕೊಂಡು ಕಾರ್ಬ್ಯುರೇಟರ್ ಬಿಚ್ಚುತ್ತಾ ಕೂರುತ್ತಾರೆ. ಅದಕ್ಕೇ ಹೆಚ್ಚಿನವರು ಕಿಟ್ ತಂದು ತೆಗೆದುಹಾಕುತ್ತಾರೆ. ತೆಗೆಯಿರಿ, ಆದರೆ ಅದೇ ದಿನ ಮಣಿಕಟ್ಟಿಗೆ ಕಟ್ಟುವ ದಾರದ ಕಿಲ್ ಸ್ವಿಚ್ ಹಾಕಿಸಿ. ಸ್ಲೈಡ್‌ಗೆ ಮರಳು ಸಿಕ್ಕಿ ಆಕ್ಸಿಲರೇಟರ್ ತೆರೆದೇ ಉಳಿದ ಗಾಡಿ ದಿಬ್ಬದ ನೆತ್ತಿಯಲ್ಲಿ ಸವಾರನನ್ನು ಕೆಡವಿ ತಾನೇ ಓಡಿದರೆ ಆಚೆ ಬದಿಯಲ್ಲಿ ಯಾರಿದ್ದಾರೋ ಗೊತ್ತಿರುವುದಿಲ್ಲ. ಈ ಸ್ವಿಚ್ ಇಲ್ಲದೆ ಟಾರ್ಸ್ ತೆಗೆಯಬೇಡಿ.

ಹಂತ 7: ಟೈರ್, ಸ್ಪ್ರಾಕೆಟ್, ಚೈನ್

ಹಿಂದೆ ಪ್ಯಾಡಲ್ ಟೈರ್, ಅಂದರೆ ಅಡ್ಡಪಟ್ಟಿಗಳಿಂದ ಮರಳನ್ನು ಹಿಂದಕ್ಕೆ ತಳ್ಳುವ ಟೈರ್. ಬದಲಿಸದ ಇಂಜಿನ್‌ಗೆ 20 ಇಂಚಿನ, 8 ಪಟ್ಟಿಯ ಹಗುರ ಟೈರ್ ಸಾಕು. ಪಟ್ಟಿ ಹೆಚ್ಚಾದರೆ ಹಿಡಿತ ಹೆಚ್ಚಿ ಇಂಜಿನ್ ಏದುಸಿರು ಬಿಡುತ್ತದೆ. ಹಿಂದಿನ ರಿಮ್ ಕೊಳ್ಳುವಾಗ 4 ಬೋಲ್ಟ್, 115 ಮಿ.ಮೀ. ಎಂದು ಕೇಳಿ. ಮುಂದಿನದು 4 ಬೋಲ್ಟ್, 144 ಮಿ.ಮೀ. ಹಿಂದಿನ ಗಾಳಿ 4ರಿಂದ 6 ಪಿಎಸ್‌ಐ. ಕಾರಿನ ಗೇಜ್ ಇಷ್ಟು ಕಡಿಮೆಯನ್ನು ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಒತ್ತಡದ ಗೇಜ್ ಬೇಕು. ಪ್ಯಾಡಲ್ ಟೈರ್‌ನಲ್ಲಿ ಡಾಂಬರು, ಜಲ್ಲಿ ತುಳಿಯಬೇಡಿ, ಪಟ್ಟಿ ಕಿತ್ತುಬರುತ್ತದೆ.

ಕಂಪನಿ ಸ್ಪ್ರಾಕೆಟ್ ಮುಂದೆ 14, ಹಿಂದೆ 41 ಹಲ್ಲು. ಪ್ಯಾಡಲ್ ಹಾಕಿದ ಮೇಲೆ ಮೇಲಿನ ಗೇರ್ ಎಳೆಯದಿದ್ದರೆ ಮುಂದಿನದನ್ನು 13 ಮಾಡಿ. ಎಳೆತ ಸುಮಾರು ಶೇ. 8 ಹೆಚ್ಚುತ್ತದೆ, ಅಷ್ಟೇ ವೇಗ ಕಡಿಮೆಯಾಗುತ್ತದೆ. ಮಾಡುವ ಬದಲಾವಣೆಗಳಲ್ಲಿ ಇದಕ್ಕಿಂತ ಅಗ್ಗದ್ದಿಲ್ಲ. ಚೈನ್‌ಗೆ ಜಿಡ್ಡಿನ ಎಣ್ಣೆ ಹಚ್ಚಿದರೆ ಮರಳು ಮೆತ್ತಿ ಅರೆಯುತ್ತದೆ. ಒಣಗುವ ಮೇಣದ ಲೂಬ್ ಹಚ್ಚಿ, ಹಿಂದಿನ ರಾತ್ರಿಯೇ. ಹಿಂದಿನ ಆಕ್ಸಲ್‌ನ ಎರಡು ದೊಡ್ಡ ನಟ್ಟುಗಳು ಬ್ಯಾನ್ಶಿಯಲ್ಲಿ ಸಡಿಲವಾಗುತ್ತಲೇ ಇರುತ್ತವೆ. ಪೇಂಟ್‌ನಿಂದ ಗೆರೆ ಎಳೆದಿಟ್ಟು ಪ್ರತಿ ಸಲ ನೋಡಿ.

ಹಂತ 8: ನೀರು, ಕ್ಲಚ್

ಕಂಪನಿ ರೇಡಿಯೇಟರ್‌ಗೆ ಫ್ಯಾನ್ ಇಲ್ಲ. ಗಾಡಿ ಓಡಿದರೆ ಮಾತ್ರ ತಣ್ಣಗಾಗುತ್ತದೆ. ನಿಲ್ಲಿಸಿ ಮಾತಾಡುವಾಗ ಇಂಜಿನ್ ಆರಿಸಿ, ಹೂತುಹೋದಾಗ ಪೂರ್ತಿ ಒತ್ತಿ ಚಕ್ರ ತಿರುಗಿಸುತ್ತಾ ಕೂರಬೇಡಿ. ತಾಪ ತೋರಿಸುವ ಮೀಟರ್ ಹಾಕಿಸುವುದು ಒಳ್ಳೆಯ ಖರ್ಚು. ಕೂಲೆಂಟ್‌ಗೆ ಬಟ್ಟಿ ಇಳಿಸಿದ ನೀರು ಅರ್ಧ, ಕೂಲೆಂಟ್ ಅರ್ಧ. ತುಂಬುವಾಗ ಮುಂದಿನ ಚಕ್ರ ಎತ್ತರದಲ್ಲಿಟ್ಟರೆ ಒಳಗೆ ಗಾಳಿ ನಿಲ್ಲುವುದಿಲ್ಲ.

ಗೇರ್ ಎಣ್ಣೆ ಬದಲಿಸುವಾಗ ಸುಮಾರು 1.5 ಲೀಟರ್, ಒದ್ದೆ ಕ್ಲಚ್‌ಗೆ ಒಪ್ಪುವ ಜಾಸೋ ಎಂಎ ಗುರುತಿನದು. ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಜಾರಬಹುದು. ಪ್ಯಾಡಲ್ ಹಾಕಿದ ಮೇಲೆ ಗಟ್ಟಿ ಕ್ಲಚ್ ಸ್ಪ್ರಿಂಗ್ ಬೇಕಾಗುತ್ತದೆ.

ಹಂತ 9: ಈಗ ಶಕ್ತಿ

ಮೇಲಿನದೆಲ್ಲ ಮುಗಿದಿದ್ದರೆ ಮೊದಲು ಪೈಪ್. ಟೂ-ಸ್ಟ್ರೋಕ್ ಪೈಪಿನ ಉಬ್ಬಿದ ಹೊಟ್ಟೆಯನ್ನು ಎಕ್ಸ್‌ಪಾನ್ಶನ್ ಚೇಂಬರ್ ಎನ್ನುತ್ತಾರೆ. ಹೊರಹೋದ ಒತ್ತಡದ ಅಲೆ ಅಲ್ಲಿಂದ ತಿರುಗಿ ಬಂದು, ಹೊರಗೆ ಜಾರುತ್ತಿರುವ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರ್ ಒಳಗೆ ತಳ್ಳುತ್ತದೆ. ಬಿಗ್ ರೆಡ್ ಎನ್ನುವ ಅಲ್ ಬದಾಯರ್ ದಿಬ್ಬಗಳಲ್ಲಿ ತಿರುಗಾಡುವವರಿಗೆ ಎಫ್‌ಎಂಎಫ್ ಫ್ಯಾಟಿ ಅಥವಾ ಟೂಮಿ ಟಿ5ನಂಥ ಮಧ್ಯ ವೇಗದ ಪೈಪ್ ಹಿತ. ಲಿವಾದ ತಲ್ ಮೊರೀಬ್‌ನಂಥ, ಸುಮಾರು 300 ಮೀಟರ್ ಎತ್ತರದ ದಿಬ್ಬಕ್ಕೆ ನೇರ ಏರುವುದೇ ಗುರಿಯಾದರೆ ಮಾತ್ರ ಡ್ರ್ಯಾಗ್ ಪೈಪ್, ಅಂದರೆ ಇಂಜಿನ್ ಜೋರಾಗಿ ತಿರುಗುವಾಗ ಶಕ್ತಿ ಕೊಡುವ ಪೈಪ್, ನೋಡಿ. ಪೈಪ್ ಹಾಕಿದ ದಿನ ಹಂತ 5 ಮತ್ತೆ ಮೊದಲಿನಿಂದ.

ಆಮೇಲೆ ರೀಡ್. ಅದು ಗಾಳಿ ಒಳಗೆ ಮಾತ್ರ ಹೋಗುವಂತೆ ತಡೆಯುವ ತೆಳು ಎಲೆ. ತುದಿ ಹರಿದಿದ್ದರೆ ಸ್ಟಾರ್ಟ್ ಆಗಲು ತಕರಾರು.

ಹೆಡ್ ಬದಲಿಸಿದರೆ ಒಳಗಿನ ಡೋಮ್‌ಗಳನ್ನು, ಅಂದರೆ ಮಿಶ್ರಣ ಉರಿಯುವ ಗುಮ್ಮಟಗಳನ್ನು, ಸಿಸಿ ಲೆಕ್ಕದಲ್ಲಿ ಆರಿಸಬಹುದು. ಸಂಖ್ಯೆ ಚಿಕ್ಕದಾದಷ್ಟು ಒತ್ತಡ ಹೆಚ್ಚು. ಬಂಕ್ ಪೆಟ್ರೋಲ್, ಸಮುದ್ರಮಟ್ಟ, ಬಿಸಿಲು ಮೂರೂ ಇರುವಲ್ಲಿ 22 ಸಿಸಿ ಕ್ಷೇಮ. ಟೈಮಿಂಗ್ ಮುಂದೆ ತಳ್ಳುವುದಾದರೆ 4 ಡಿಗ್ರಿ ಮೀರಬೇಡಿ. ಎಳೆಯುವಾಗ ಟಿಕ್ ಟಿಕ್ ಎಂದು ಲೋಹ ಕುಟ್ಟಿದ ಸದ್ದು ಬಂದರೆ ಹಿಂದಕ್ಕೆ ತನ್ನಿ.

ಪೋರ್ಟಿಂಗ್, ಅಂದರೆ ಸಿಲಿಂಡರ್ ಕಿಂಡಿಗಳನ್ನು ಉಜ್ಜಿ ಹಿಗ್ಗಿಸುವುದು, ಕೊನೆಗೆ. ಆರ್‌ಎಕ್ಸ್ 100 ಸಿಲಿಂಡರ್‌ಗೆ ಕಣ್ಣಳತೆಯಲ್ಲಿ ಅರ ಹಾಕಿದ ಕೈಗಳು ಊರಲ್ಲಿ ಬಹಳ. ಇಲ್ಲಿ ಎರಡು ಸಿಲಿಂಡರ್‌ಗಳ ಪ್ರತಿ ಕಿಂಡಿಯೂ ಒಂದೇ ಎತ್ತರ, ಒಂದೇ ಅಗಲ ಇರಬೇಕು. ಅಳತೆಯ ನಕ್ಷೆ ಇಟ್ಟುಕೊಂಡು ಕೆಲಸ ಮಾಡುವವರಿಗೆ ಮಾತ್ರ ಕೊಡಿ.

ಹಂತ 10: ಓಡಿಸುವಾಗ ಮತ್ತು ನಂತರ

ಉದ್ದನೆಯ ಇಳಿಜಾರಿನಲ್ಲಿ ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಡಬೇಡಿ. ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತಿತು, ಇಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಕ್ಲಚ್ ಹಿಡಿಯಿರಿ, ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡಿ. ಜೊತೆಗೆ ನಾಲ್ಕು ಪ್ಲಗ್, ಪ್ಲಗ್ ಪಾನಾ, ಚೈನ್ ಲಿಂಕ್, ಕ್ಲಚ್ ಕೇಬಲ್, ಎಳೆಯುವ ಹಗ್ಗ, ಕುಡಿಯುವ ನೀರು ಇರಲಿ. ಗಾಡಿಗೆ ಎತ್ತರದ ಬಾವುಟ ಇರಲೇಬೇಕು, ದಿಬ್ಬದಾಚೆ ಬರುವವರಿಗೆ ನೀವು ಕಾಣುವುದು ಅದರಿಂದ ಮಾತ್ರ.

ಸಬ್ಖಾ, ಅಂದರೆ ಉಪ್ಪು ನೆಲ ದಾಟಿದ್ದರೆ ಅದೇ ದಿನ ಸಿಹಿನೀರಿನಲ್ಲಿ ತೊಳೆಯಿರಿ. ಅಲ್ಯೂಮಿನಿಯಂ ಮತ್ತು ವೈರ್ ಜೋಡಣೆಗಳನ್ನು ಉಪ್ಪು ತಿನ್ನುತ್ತದೆ. ತೊಳೆಯುವಾಗ ಏರ್ ಬಾಕ್ಸ್ ಮತ್ತು ಸೈಲೆನ್ಸರ್ ಬಾಯಿ ಮುಚ್ಚಿ. ಬೇರಿಂಗ್‌ಗಳಿಗೆ ಪ್ರೆಶರ್ ನೀರು ಬಿಡಬೇಡಿ.

ಬೇಸಿಗೆ ರಜೆಗೆ ಊರಿಗೆ ಹೊರಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್ ಬುಡದ ತಿರುಪು ಬಿಚ್ಚಿ ಪೆಟ್ರೋಲ್ ಇಳಿಸಿ. ಹಾಗೇ ಬಿಟ್ಟರೆ ಪೈಲಟ್ ಜೆಟ್ ಕಟ್ಟಿಕೊಂಡು, ಹಿಂತಿರುಗಿದ ಮೊದಲ ಸವಾರಿಯಲ್ಲೇ ಇಂಜಿನ್ ಲೀನ್ ಆಗುತ್ತದೆ. ಪ್ಲಗ್ ರಂಧ್ರಗಳಿಗೆ ಒಂದೊಂದು ಚಮಚ ಟೂ-ಸ್ಟ್ರೋಕ್ ಎಣ್ಣೆ ಬಿಟ್ಟು ನಾಲ್ಕು ಸಲ ಮೆಲ್ಲಗೆ ಕಿಕ್ ತುಳಿದು, ಪ್ಲಗ್ ಹಾಕಿ, ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ. ಬಂದ ಮೇಲೆ ಮೊದಲು ಆ ಬಟ್ಟೆ ತೆಗೆಯಿರಿ, ಇನ್‌ಟೇಕ್ ರಬ್ಬರ್ ಮಡಚಿ ನೋಡಿ, ಹಂತ 2ರ ಪರೀಕ್ಷೆ ಮಾಡಿಯೇ ಹೊಸ ಪೆಟ್ರೋಲ್ ಬೆರೆಸಿ.